ಮರಿ ಮಾಡಿಸಿದರಷ್ಟೇ ಸಾಲದು

ಮಡಗಾಸ್ಕರ್‌ನ ಆಂಗೊನೋಕಾ ಆಮೆಯನ್ನು ಉಳಿಸಲು ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಇದನ್ನು ನಾನು ಒಪ್ಪುವುದಿಲ್ಲ. 1986ರಿಂದ ಅಲ್ಲಿ ಆ ಕೆಲಸ ನಡೆಯುತ್ತಿದೆ, ಒಳ್ಳೆಯ ಕೆಲಸವೇ. ಆದರೆ 1996ರಲ್ಲಿ ಕಳ್ಳರು ಅದೇ ಕೇಂದ್ರದಿಂದ 75 ಆಮೆ ಹೊತ್ತೊಯ್ದರು ಅಲ್ವಾ? ಕಾಡಿನಲ್ಲಿ ಇವು ಉಳಿದಿರುವುದು ಮಡಗಾಸ್ಕರ್‌ನದೇ ಬಾಲಿ (Baly) ಕೊಲ್ಲಿಯ ಸುತ್ತ ಮಾತ್ರ, ಒಂದು ಹೆಣ್ಣಾಮೆ ಬೆಳೆದು ಮೊಟ್ಟೆ ಇಡಲು ಸುಮಾರು 15 ವರ್ಷ ಬೇಕು, ಹಾಗಿರುವಾಗ ಅಂಥದ್ದೊಂದು ಕಳ್ಳಸಾಗಣೆಯಾದರೆ ಎಷ್ಟು ಜನರ ಎಷ್ಟು ವರ್ಷದ ಶ್ರಮ ಹೋಯಿತು ನೋಡಿ. ಆ ಹೊಂಬಣ್ಣದ ಚಿಪ್ಪಿನ ಆಸೆಗೇ ಕದಿಯುವುದು ಜಾಸ್ತಿ. ಅದಕ್ಕೇ ಆಮೆ ಕಾಯುವವರೇ ಚಿಪ್ಪಿನ ಮೇಲೆ ದೊಡ್ಡದಾಗಿ ಗುರುತು ಕೆತ್ತಿ ಆಮೆಯ ಬೆಲೆ ಕೆಡಿಸುತ್ತಾರೆ. ನೋಡಿದರೆ ಸಂಕಟವಾಗುತ್ತದೆ, ಆದರೂ ಮಾಡಬೇಕಾದ್ದೇ. ಕದ್ದ ಆಮೆಗಳನ್ನು ದುಡ್ಡು ಕೊಟ್ಟು ಕೊಳ್ಳುವವರ ಬಗ್ಗೆ ಮಾತ್ರ ಲೇಖನದಲ್ಲಿ ಒಂದು ಸಾಲೂ ಇಲ್ಲ.