ಹೋಗಿ ಬಾ, ಕಲಿತು ಬರಬೇಡ

ಯಾವುದೇ ವಿಶ್ವವಿದ್ಯಾಲಯದ ಕುಲಪತಿಗಳನ್ನು ಕೇಳಿ ನೋಡಿ. ವಿದ್ಯಾರ್ಥಿಗಳು ಹೊರದೇಶಕ್ಕೆ ಹೋಗಬೇಕು, ಬೇರೆ ಥರದ ಪಾಠ ಕೇಳಬೇಕು, ಬೇರೆ ಜನರ ಜೊತೆ ಬಾಳಿ ನೋಡಬೇಕು ಅಂತ ಅರ್ಧ ಗಂಟೆ ನಿಲ್ಲಿಸದೆ ಮಾತಾಡುತ್ತಾರೆ. ಆಮೇಲೆ ಅದೇ ಕಟ್ಟಡದ ಕೆಳಮಹಡಿಗೆ ಇಳಿಯಿರಿ. ಹಾಗೆ ಹೋಗಿ ಬಂದ ಒಬ್ಬ ಹುಡುಗಿಯ ಅಂಕಪಟ್ಟಿಯನ್ನು ಪರೀಕ್ಷಾ ವಿಭಾಗದವರ ಮುಂದಿಡಿ. ಖೋಟಾ ನೋಟು ನೋಡುವ ಹಾಗೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಹಿಂದೆ ಮುಂದೆ ತಿರುಗಿಸುತ್ತಾರೆ. ಕೊನೆಗೆ, “ಇದರಲ್ಲಿ ನಮ್ಮ ಸೀಲು ಇಲ್ಲವಲ್ಲಮ್ಮಾ” ಅನ್ನುತ್ತಾರೆ.

ಸೀಲು ಎಲ್ಲಿಂದ ಬರಬೇಕು? ಅವಳು ಓದಿದ್ದು ಅಲ್ಲಿ. ಅಲ್ಲಿಗೆ ಕಳಿಸಿದವರು ಇವರೇ. ಹೊರಡುವ ದಿನ ಅವಳ ಫೋಟೋ ತೆಗೆದು ವಾರ್ಷಿಕ ವರದಿಯ ಮುಖಪುಟಕ್ಕೆ ಹಾಕಿಕೊಂಡವರೂ ಇವರೇ.

ಇದೆಲ್ಲ ಶುರುವಾಗುವುದು ವಿದ್ಯಾರ್ಥಿ ವಿನಿಮಯಕ್ಕೆ ಅಂತ ಎರಡು ವಿಶ್ವವಿದ್ಯಾಲಯಗಳು ಮಾಡಿಕೊಳ್ಳುವ ಒಡಂಬಡಿಕೆಯಿಂದ. ಒಡಂಬಡಿಕೆಗೆ ಎರಡು ಪುಟ್ಟ ಬಾವುಟ ಬೇಕು, ಎರಡು ಪೆನ್ನು ಬೇಕು, ಎರಡು ದಪ್ಪ ರಟ್ಟಿನ ಫೈಲು ಬೇಕು. ಸಹಿಯಾದ ಮೇಲೆ ಫೈಲುಗಳನ್ನು ಅದಲು ಬದಲು ಮಾಡಿಕೊಳ್ಳುತ್ತಾ, ಫೈಲನ್ನಾಗಲಿ ಎದುರಿನವರನ್ನಾಗಲಿ ನೋಡದೆ, ಕ್ಯಾಮೆರಾ ನೋಡಬೇಕು. ಅಲ್ಲಿಗೆ ವಿನಿಮಯದ ಮೊದಲ ಹಂತ ಮುಗಿಯಿತು: ಫೈಲುಗಳ ವಿನಿಮಯ. ಬಹಳಷ್ಟು ಕಡೆ ಕೊನೆಯ ಹಂತವೂ ಅದೇ.

ಸಹಿಗೆ ಮೊದಲು ಸಾಧ್ಯಾಸಾಧ್ಯತೆ ನೋಡಲು ಒಂದು ನಿಯೋಗ ಹೋಗಿ ಬರಬೇಕು. ಸಹಿಗೆ ಇನ್ನೊಂದು ನಿಯೋಗ. ಕೆಲವು ವರ್ಷದ ನಂತರ ನವೀಕರಣ, ಅದಕ್ಕೆ ಮತ್ತೊಂದು. ಒಟ್ಟಿನಲ್ಲಿ ವಿದ್ಯಾರ್ಥಿ ವಿನಿಮಯದಲ್ಲಿ ವಿದ್ಯಾರ್ಥಿಗಳಿಗಿಂತ ಜಾಸ್ತಿ ಓಡಾಡುವವರು ಮೂವತ್ತು ವರ್ಷದ ಹಿಂದೆಯೇ ಓದು ಮುಗಿಸಿದವರು. ಅವರಿಗೆ ಕ್ರೆಡಿಟ್ಟಿನ, ಅಂದರೆ ಓದಿದ್ದನ್ನು ಪದವಿಗೆ ಲೆಕ್ಕ ಹಿಡಿಯುವ ಅಳತೆಯ, ತಲೆನೋವಿಲ್ಲ. ವಾಪಸು ಬಂದ ಮೇಲೆ ಯಾರೂ ಅಂಕಪಟ್ಟಿ ಕೇಳುವುದಿಲ್ಲ.

ಇಷ್ಟೊಂದು ಉಮೇದು ಯಾಕೆ ಅಂತ ಕೇಳಬೇಡಿ, ರ‍್ಯಾಂಕಿಂಗ್ ಪಟ್ಟಿ ನೋಡಿ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಕ್ಯೂಎಸ್ ಪಟ್ಟಿಯಲ್ಲಿ ಹೊರದೇಶದ ವಿದ್ಯಾರ್ಥಿಗಳ ಪ್ರಮಾಣಕ್ಕೆ ನೂರಕ್ಕೆ 5 ಅಂಕ, ಹೊರದೇಶದ ಅಧ್ಯಾಪಕರ ಪ್ರಮಾಣಕ್ಕೆ ಇನ್ನೊಂದು 5. ಬಂದವರು ಎಷ್ಟು ಮಂದಿ ಅನ್ನುವುದಕ್ಕೆ ಅಂಕ ಇದೆ. ಅವರು ಏನು ಕಲಿತು ಹೋದರು ಅನ್ನುವುದಕ್ಕೆ ಬೇರೆ ಅಂಕ ಇಲ್ಲ. ಅಂಕ ಇಲ್ಲದ ಕೆಲಸ ಮಾಡಬಾರದು ಅಂತ ವಿದ್ಯಾರ್ಥಿಗಳಿಗೆ ಕಲಿಸಿದ್ದೇ ವಿಶ್ವವಿದ್ಯಾಲಯ. ತಾನು ಮಾತ್ರ ಅದಕ್ಕೆ ವಿರುದ್ಧ ನಡೆಯಲಿಕ್ಕಾಗುತ್ತದೆಯೇ?

ಒಡಂಬಡಿಕೆಯ ಒಳಗೊಂದು ಚಂದದ ಕಟ್ಟಳೆ ಇರುತ್ತದೆ. ವಿನಿಮಯದಲ್ಲಿ ಹೋಗುವವರು ಅಲ್ಲಿ ಶುಲ್ಕ ಕಟ್ಟುವಂತಿಲ್ಲ, ತಮ್ಮ ಮೂಲ ವಿಶ್ವವಿದ್ಯಾಲಯಕ್ಕೇ ಕಟ್ಟುತ್ತಾರೆ. ಹಾಗಾಗಿ ಎರಡೂ ಕಡೆ ಲೆಕ್ಕ ಸರಿಯಾಗಬೇಕು. ಇಬ್ಬರು ಹೋದರೆ ಇಬ್ಬರು ಬರಬೇಕು. ಇಲ್ಲಿಂದ ಹೋಗಲು ಇನ್ನೂರು ಜನ ಸಾಲಲ್ಲಿ ನಿಂತಿರುತ್ತಾರೆ, ಅಲ್ಲಿಂದ ಬರಲು ಒಬ್ಬನೂ ಅರ್ಜಿ ಹಾಕಿರುವುದಿಲ್ಲ. ಆಗ ಅಂತರರಾಷ್ಟ್ರೀಯ ವಿಭಾಗದವರು ಕೈಚೆಲ್ಲುತ್ತಾರೆ. ಎಲ್ಲೋ ದೂರದ ಊರಲ್ಲಿ ಒಬ್ಬ ಅಪರಿಚಿತ ಹುಡುಗ ಮನೆಯಲ್ಲೇ ಇರೋಣ ಅಂದುಕೊಂಡ ಅನ್ನಿ. ಅಷ್ಟಕ್ಕೇ ನಮ್ಮ ಹುಡುಗಿಯ ಕನಸು ಮುಂದಿನ ವರ್ಷಕ್ಕೆ ಹೋಯಿತು.

ಆದರೆ ಇವಳ ಅದೃಷ್ಟ ಚೆನ್ನಾಗಿತ್ತು, ಆ ಹುಡುಗ ಬಂದ. ಈಗ ಅವಳು ಕಲಿಕಾ ಒಪ್ಪಂದ ತುಂಬಬೇಕು. ಹೋಗುವ ಮೊದಲೇ ಯಾವ ಯಾವ ವಿಷಯ ಓದುತ್ತೇನೆ ಅಂತ ಬರೆದು, ತಾನೂ, ಕಳಿಸುವವರೂ, ಕರೆಸಿಕೊಳ್ಳುವವರೂ ಮೂವರೂ ಸಹಿ ಹಾಕಬೇಕು. ಯೋಚನೆ ಒಳ್ಳೆಯದೇ. ಬಂದ ಮೇಲೆ ಯಾರೂ ತಗಾದೆ ತೆಗೆಯಬಾರದು ಅಂತಲೇ ಇದನ್ನು ಮಾಡಿದ್ದು. ತೊಂದರೆ ಇಷ್ಟೇ: ಅರ್ಜಿಯ ಕೊನೆಯ ದಿನದ ಹೊತ್ತಿಗೆ ಅಲ್ಲಿನ ಆ ಸೆಮಿಸ್ಟರಿನ ವಿಷಯಪಟ್ಟಿ ಬಂದೇ ಇರುವುದಿಲ್ಲ. ಹಳೆಯ ಪಟ್ಟಿ ನೋಡಿ ತುಂಬುತ್ತಾಳೆ. ಅಲ್ಲಿ ಇಳಿದ ಮೊದಲ ವಾರ ಗೊತ್ತಾಗುತ್ತದೆ, ಎರಡು ವಿಷಯ ಈ ಸಲ ಇಲ್ಲ, ಒಂದು ವಿಷಯ ಅವಳಿಗೆ ಬಾರದ ಭಾಷೆಯಲ್ಲಿದೆ. ಬದಲಾವಣೆಗೆ ಅಂತಲೇ ಬೇರೆ ಕಾಗದ ಇದೆ. ಅದಕ್ಕೆ ಮತ್ತೆ ಮೂರು ಸಹಿ. ಇಲ್ಲಿ ಸಹಿ ಹಾಕಬೇಕಾದವರು ರಜೆಯ ಮೇಲಿರುತ್ತಾರೆ. ಇಲ್ಲವಾದರೆ ನಿಯೋಗದಲ್ಲಿರುತ್ತಾರೆ.

ವೀಸಾದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಬೇರೆಯೇ ಪುರಾಣ. ಒಂದೇ ಮಾತು. ಅಮೆರಿಕದ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ, ಓದಲು ಬರುತ್ತೇನೆ ಅನ್ನುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುವವರು ಅಂತಲೇ ಮೊದಲು ಭಾವಿಸಲಾಗುತ್ತದೆ. ಅಲ್ಲ ಅಂತ ಸಾಬೀತು ಮಾಡುವುದು ಅರ್ಜಿದಾರರ ಕೆಲಸ. ಪ್ರವೇಶ ಅರ್ಜಿಯಲ್ಲಿ ‘ನಿಮ್ಮ ದೇಶಕ್ಕೆ ಬರಬೇಕು ಅನ್ನುವುದೇ ನನ್ನ ಬಾಳಿನ ಆಸೆ’ ಅಂತ ಎರಡು ಪುಟ ಬರೆದವಳು, ವೀಸಾ ಕಿಟಕಿಯ ಮುಂದೆ ನಿಂತು ‘ವಾಪಸು ಹೋಗಲು ಕಾಯುತ್ತಿದ್ದೇನೆ’ ಅಂತ ನಂಬಿಸಬೇಕು. ಎರಡೂ ಒಂದೇ ತಿಂಗಳಲ್ಲಿ. ನಟನೆಗೆ ಕ್ರೆಡಿಟ್ ಇದ್ದಿದ್ದರೆ ಇಷ್ಟರಲ್ಲೇ ಒಂದು ಸೆಮಿಸ್ಟರ್ ಮುಗಿದಿರುತ್ತಿತ್ತು.

ಅಲ್ಲಿಗೆ ಹೋದ ಮೇಲೆ ಸ್ಥಳೀಯರ ಜೊತೆ ಬೆರೆಯಬೇಕು ಅಂತ ಕೈಪಿಡಿಯ ಮೊದಲ ಪುಟದಲ್ಲೇ ಇರುತ್ತದೆ. ಬೆರೆಯಲಿ ಅಂತ ಹೊರಗಿನಿಂದ ಬಂದ ಎಲ್ಲರನ್ನೂ ಒಂದೇ ಹಾಸ್ಟೆಲಿನ ಒಂದೇ ಮಹಡಿಯಲ್ಲಿ ಇಡುತ್ತಾರೆ. ಅವರಿಗೇ ಬೇರೆ ಪರಿಚಯ ಕಾರ್ಯಕ್ರಮ, ಬೇರೆ ಪ್ರವಾಸ, ಬೇರೆ ವಾಟ್ಸ್‌ಆ್ಯಪ್ ಗುಂಪು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅವಳಿಗೆ ಹತ್ತು ದೇಶದ ಗೆಳೆಯರಿರುತ್ತಾರೆ. ಯಾವ ದೇಶಕ್ಕೆ ಹೋಗಿದ್ದಳೋ ಆ ದೇಶದವರೊಬ್ಬರನ್ನು ಬಿಟ್ಟು. ನಡುವೆ ಒಂದು ದಿನ ‘ಅಂತರರಾಷ್ಟ್ರೀಯ ದಿನಾಚರಣೆ’. ಅವತ್ತು ಪ್ರತಿಯೊಬ್ಬರೂ ಸಾಂಪ್ರದಾಯಿಕ ಉಡುಗೆ ಹಾಕಿ, ತಮ್ಮ ದೇಶದ ಕುಣಿತ ಕುಣಿಯಬೇಕು. ತನ್ನ ಮನೆಯ ಮದುವೆಗೂ ಜೀನ್ಸ್ ಹಾಕಿಕೊಂಡು ಹೋದ ಹುಡುಗ ಯೂಟ್ಯೂಬ್ ನೋಡಿ ಜಾನಪದ ನೃತ್ಯ ಕಲಿಯುತ್ತಾನೆ. ಒಂದು ಲೆಕ್ಕಕ್ಕೆ ಅದೂ ಕಲಿಕೆಯೇ, ಬಿಡಿ.

ಹಾಗಂತ ಅವಳು ಏನೂ ಕಲಿಯಲಿಲ್ಲ ಅಂದುಕೊಳ್ಳಬೇಡಿ. ತರಗತಿಯಲ್ಲಿ ಪ್ರೊಫೆಸರ್ ತಪ್ಪು ಅಂತ ಹೇಳಬಹುದು, ಹೇಳಿದರೂ ಬದುಕಿ ಉಳಿಯಬಹುದು ಅಂತ ಕಲಿತಳು. ನೋಟ್ಸ್ ಇಲ್ಲದೆ ಪರೀಕ್ಷೆ ಬರೆದಳು. ಮೂರು ಭಾಷೆ ಬೆರೆಸಿ ಜಗಳ ಆಡಿದಳು. ತೊಂದರೆ ಇರುವುದೇ ಅಲ್ಲಿ. ಸುಮ್ನೆ ಊರು ನೋಡಿಕೊಂಡು ಬಂದಿದ್ದರೆ ಯಾರಿಗೂ ಏನೂ ಅಡ್ಡಿ ಇರಲಿಲ್ಲ. ಓದಿ ಬಂದಳಲ್ಲ, ಅದಕ್ಕೇ ಈಗ ಕಮಿಟಿ ಕೂರಬೇಕು.

ಕಮಿಟಿಗಿಂತ ಮೊದಲು ಲೆಕ್ಕ. ಯುರೋಪಿನ ಪದ್ಧತಿಯಲ್ಲಿ ಒಂದು ಪೂರ್ತಿ ವರ್ಷದ ಓದು ಅಂದರೆ 60 ಕ್ರೆಡಿಟ್. ಅದೇ ವರ್ಷ ಬ್ರಿಟನ್ನಿನಲ್ಲಿ 120. ಅಮೆರಿಕದಲ್ಲಿ ಸಾಮಾನ್ಯವಾಗಿ 30. ಅಂದರೆ ಇಂಗ್ಲಿಷ್ ಕಾಲುವೆ ದಾಟಿ ಬ್ರಿಟನ್ನಿಗೆ ಹೋದರೆ ಜ್ಞಾನ ಎರಡು ಪಟ್ಟಾಗುತ್ತದೆ. ಅಲ್ಲಿಂದ ಅಟ್ಲಾಂಟಿಕ್ ದಾಟಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಅಂಕಗಳದ್ದು ಇನ್ನೂ ಸೊಗಸು. ಜರ್ಮನಿಯಲ್ಲಿ 1.0 ಅಂದರೆ ಅತ್ಯುತ್ತಮ, 4.0 ದಾಟಿದರೆ ಫೇಲು. ಪಕ್ಕದ ಸ್ವಿಟ್ಜರ್‌ಲೆಂಡಿಗೆ ಹೋದರೆ 6 ಅತ್ಯುತ್ತಮ, 1 ಅತಿ ಕಳಪೆ. ಫ್ರಾನ್ಸಿನಲ್ಲಿ 20ಕ್ಕೆ 16 ಬಂದರೆ ಊರಿಗೆಲ್ಲ ಹೇಳಿಕೊಂಡು ತಿರುಗಬಹುದು. ಬ್ರಿಟನ್ನಿನಲ್ಲಿ ನೂರಕ್ಕೆ 70 ಬಂದರೆ ಫಸ್ಟ್ ಕ್ಲಾಸು. ಡೆನ್ಮಾರ್ಕಿನಲ್ಲಿ ಏಳೇ ಅಂಕಗಳು: -3, 00, 02, 4, 7, 10, 12. ಸೊನ್ನೆ ತೆಗೆದವನಿಗಿಂತಲೂ ಕೆಳಗೆ ಒಬ್ಬನಿರುತ್ತಾನೆ ಅಂತ ಮೊದಲೇ ಊಹಿಸಿ ಅವನಿಗೊಂದು ಜಾಗ ಕಾದಿಟ್ಟ ಆ ಜನರ ಮೇಲೆ ನನಗೆ ವಿಶೇಷ ಗೌರವ.

ಇದನ್ನೆಲ್ಲ ಪರಿವರ್ತಿಸಲು ಸೂತ್ರಗಳು ಇಲ್ಲದಿಲ್ಲ. ಹೊರಗಿನ ಅಂಕಗಳನ್ನು ತಮ್ಮ ಅಳತೆಗೆ ತರಲು ಜರ್ಮನ್ನರು ಬಳಸುವುದಕ್ಕೆ ಪರಿಷ್ಕೃತ ಬವೇರಿಯನ್ ಸೂತ್ರ ಅಂತ ಹೆಸರು. ಅತಿ ಹೆಚ್ಚು ಎಷ್ಟು, ಪಾಸಾಗಲು ಎಷ್ಟು, ನಿಮಗೆ ಬಂದದ್ದೆಷ್ಟು, ಈ ಮೂರು ಗೊತ್ತಿದ್ದರೆ ಸಾಕು. ಒಂದು ಸಾಲಿನ ಲೆಕ್ಕ. ಆದರೆ ನಮ್ಮ ಕೆಳಮಹಡಿಯಲ್ಲಿ ನಡೆಯುವುದು ಹೀಗೆ:

“1.3 ಅಂದ್ರೆ ಎಷ್ಟಕ್ಕಮ್ಮಾ?”

“ಅಲ್ಲಿ 1 ಅಂದ್ರೆ ಟಾಪ್ ಸಾರ್.”

“ಅದು ಅಲ್ಲಿ. ನಮ್ಮ ಸಾಫ್ಟ್‌ವೇರ್ ನೂರಕ್ಕೇ ತಗೊಳ್ಳೋದು. 1.3 ಹಾಕಿದ್ರೆ ಫೇಲ್ ತೋರಿಸುತ್ತೆ.”

“ಹಾಗಾದ್ರೆ ಏನ್ಮಾಡೋದು ಸಾರ್?”

“ಬರೀ ಪಾಸ್ ಅಂತ ಹಾಕ್ತೀನಿ. ಫೇಲ್ ಆಗಿಲ್ವಲ್ಲ, ಖುಷಿ ಪಡು.”

ಅಲ್ಲಿ ತರಗತಿಗೇ ಮೊದಲಿಗಳಾದವಳು ಇಲ್ಲಿ ದಯೆಯಿಂದ ಪಾಸಾದಳು. ದೇವರು ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಇದು ಹೊಸ ರೋಗವೂ ಅಲ್ಲ. ಸೋಫಿಯಾ ಕೊರ್ರಾದಿ ಅನ್ನುವ ಇಟಲಿಯ ಕಾನೂನು ವಿದ್ಯಾರ್ಥಿನಿ ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ರೋಮ್‌ಗೆ ವಾಪಸಾದರು. ಅಲ್ಲಿನ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಆ ಓದಿಗೆ ಬೆಲೆಯೇ ಸಿಗಲಿಲ್ಲ. ಸಾಲದ್ದಕ್ಕೆ ಎಲ್ಲರೆದುರು ಅವಮಾನ ಬೇರೆ. ಕೊರ್ರಾದಿ ಅದನ್ನು ಮರೆಯಲಿಲ್ಲ. ವರ್ಷಗಟ್ಟಲೆ ವಿಶ್ವವಿದ್ಯಾಲಯಗಳ, ಸರ್ಕಾರಗಳ ಬೆನ್ನು ಬಿದ್ದರು. ಕೊನೆಗೆ 1987ರಲ್ಲಿ ಯುರೋಪಿನ ಎರಾಸ್ಮಸ್ ವಿನಿಮಯ ಯೋಜನೆ ಶುರುವಾಯಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೋದರು. ಈಗ ಆ ಸಂಖ್ಯೆ ಲಕ್ಷಗಳಲ್ಲಿದೆ. ಕೊರ್ರಾದಿಯವರನ್ನು ಜನ ‘ಮಮ್ಮಾ ಎರಾಸ್ಮಸ್’ ಅಂತಲೇ ಕರೆದರು. ಇಷ್ಟು ದೊಡ್ಡ ಯೋಜನೆಯ ಬೀಜ ಬಿದ್ದದ್ದು ಒಂದು ಕಚೇರಿಯವರು ಒಂದು ಕಾಗದವನ್ನು ಒಪ್ಪದ ಕಾರಣಕ್ಕೆ. ಆ ಕಚೇರಿಯವರ ಹೆಸರಲ್ಲೂ ಒಂದು ಪೀಠ ಇರಬೇಕಿತ್ತು ಅಂತ ನನ್ನ ಅನಿಸಿಕೆ. ಪೀಠ ಇಲ್ಲದಿದ್ದರೇನು, ಶಿಷ್ಯರಂತೂ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇದ್ದಾರೆ.

ಯೋಜನೆಗೆ ಹೆಸರು ಕೊಟ್ಟ ಎರಾಸ್ಮಸ್ ಅವರನ್ನೇ ತೆಗೆದುಕೊಳ್ಳಿ. ರಾಟರ್‌ಡ್ಯಾಮಿನ ಈ ವಿದ್ವಾಂಸರು ಪ್ಯಾರಿಸ್, ಕೇಂಬ್ರಿಜ್, ಲೂವೆನ್, ಬಾಸೆಲ್ ಅಂತ ಊರೂರು ತಿರುಗಿದವರು. ಇಟಲಿಗೆ ಕಾಲಿಟ್ಟ ವರ್ಷವೇ, 1506ರಲ್ಲಿ, ಟ್ಯೂರಿನ್ ವಿಶ್ವವಿದ್ಯಾಲಯದಿಂದ ದೇವತಾಶಾಸ್ತ್ರದ ಡಾಕ್ಟರೇಟ್ ಪಡೆದರು. ಅಲ್ಲಿ ವರ್ಷಗಟ್ಟಲೆ ಕೂತು ಓದಿದವರಲ್ಲ. ಇವತ್ತು ಆ ಪದವಿ ಹಿಡಿದು ಕೆಳಮಹಡಿಗೆ ಬಂದರೆ ಗತಿಯೇನು? “ಹಾಜರಾತಿ ಎಲ್ಲಿ ಸ್ವಾಮಿ? ವಲಸೆ ಪ್ರಮಾಣಪತ್ರ ಎಲ್ಲಿ? ಸೋಮವಾರ ಬನ್ನಿ.”

ಈಗ ಕಮಿಟಿ. ತತ್ಸಮಾನ ಸಮಿತಿ ಅಂತ ಅದರ ಪೂರ್ತಿ ಹೆಸರು. ಹೊರಗಿನ ಓದು ಇಲ್ಲಿನ ಓದಿಗೆ ಸಮವೇ ಅಂತ ತೀರ್ಮಾನಿಸುವುದು ಅದರ ಕೆಲಸ. 1997ರ ಲಿಸ್ಬನ್ ಮಾನ್ಯತಾ ಒಪ್ಪಂದ ಅಂತ ಒಂದಿದೆ. ಅದಕ್ಕೆ ಸಹಿ ಹಾಕಿದ ದೇಶಗಳಲ್ಲಿ ಹೊರಗಿನ ಓದನ್ನು ಒಪ್ಪಲೇಬೇಕು. ಒಪ್ಪದಿದ್ದರೆ, ಎರಡರ ನಡುವೆ ಗಣನೀಯ ವ್ಯತ್ಯಾಸ ಇದೆ ಅಂತ ಒಪ್ಪದವರೇ ತೋರಿಸಿಕೊಡಬೇಕು. ಸಮಿತಿಗಳಿಗೆ ಆ ಒಪ್ಪಂದದ ಬಾಕಿ ಭಾಗವೆಲ್ಲ ಮರೆತುಹೋಗಿ ಈ ಎರಡು ಪದ ಮಾತ್ರ ನೆನಪಿವೆ. ವ್ಯತ್ಯಾಸ ಹುಡುಕುವುದರಲ್ಲಿ ಅವರದು ಎತ್ತಿದ ಕೈ.

ಹುಡುಗಿ ಅಲ್ಲಿ ಓದಿದ್ದು ‘ನಗರ ಮತ್ತು ನೀರು’. ಇಲ್ಲಿರುವುದು ‘ಪರಿಸರ ಅಧ್ಯಯನ, ಭಾಗ 2’. ಹೆಸರು ಹೊಂದುವುದಿಲ್ಲ. ಹೆಸರು ಹೊಂದಿದ್ದರೂ, ನೀನು ಭಾಗ 1 ಎಲ್ಲಿ ಓದಿದ್ದೀ ಅಂತ ಕೇಳುತ್ತಿದ್ದರು. ಪಠ್ಯಕ್ರಮ ಮುಕ್ಕಾಲು ಭಾಗ ಹೋಲಬೇಕು ಅನ್ನುವುದು ನಿಯಮ. ಒಬ್ಬ ಸದಸ್ಯರು ಎರಡೂ ಪಠ್ಯಕ್ರಮ ಪಕ್ಕಪಕ್ಕ ಇಟ್ಟು, ಹೋಲದ ಸಾಲುಗಳಿಗೆ ಕೆಂಪು ಗೆರೆ ಎಳೆದರು. ಹೋಲುವ ಸಾಲುಗಳು ತೀರ ಕಡಿಮೆ. ಅಂದರೆ ಅವಳು ಇಲ್ಲಿ ಸಿಗದ್ದನ್ನೇ ಹೆಚ್ಚು ಓದಿ ಬಂದಿದ್ದಾಳೆ. ಕಳಿಸಿದ್ದು ಅದಕ್ಕೇ ಅಲ್ವಾ ಅಂತ ಕೇಳಲು ಸಭೆಯಲ್ಲಿ ಯಾರೂ ಇರಲಿಲ್ಲ. ಅಂತರರಾಷ್ಟ್ರೀಯ ವಿಭಾಗದ ನಿರ್ದೇಶಕರು ಹೊಸ ಒಡಂಬಡಿಕೆಗೆ ಸಹಿ ಹಾಕಲು ವಿಮಾನ ಹತ್ತಿದ್ದರು.

ತೀರ್ಮಾನ ಬಂತು. ಎರಡು ವಿಷಯಕ್ಕೆ ಪಾಸ್, ಅಂಕವಿಲ್ಲ. ಒಂದು ವಿಷಯ ಪದವಿಗೆ ಲೆಕ್ಕಕ್ಕಿಲ್ಲ, ಹೆಚ್ಚುವರಿ. ‘ಪರಿಸರ ಅಧ್ಯಯನ, ಭಾಗ 2’ ಮಾತ್ರ ಜೂನಿಯರ್‌ಗಳ ಜೊತೆ ಕೂತು ಮತ್ತೆ ಓದಬೇಕು. ಹಾಜರಾತಿ ಕಡ್ಡಾಯ.

ಅದೇ ವಾರ ಅವಳಿಗೆ ಅಂತರರಾಷ್ಟ್ರೀಯ ವಿಭಾಗದಿಂದ ಫೋನ್ ಬಂತು. ಮೊದಲು ಅನುಭವ ವರದಿ ತುಂಬಿ ಕಳಿಸಬೇಕಂತೆ. ‘ಹೋಗುವ ಮೊದಲು ನಿಮ್ಮ ಜಾಗತಿಕ ಅರಿವು ಎಷ್ಟಿತ್ತು, ಈಗ ಎಷ್ಟಿದೆ? 1ರಿಂದ 5ರೊಳಗೆ ಗುರುತು ಹಾಕಿ.’ ಇಲ್ಲಿ 5 ಅಂದರೆ ಅತ್ಯುತ್ತಮವೋ ಕಳಪೆಯೋ ಅಂತ ಅವಳು ಕೇಳಿದಳು. ಕೇಳಿದ್ದು ಸರಿಯಾಗಿಯೇ ಇತ್ತು.

“ಇನ್ನೊಂದು ವಿಷಯ ಇದೆಯಮ್ಮಾ. ಬುಧವಾರ ಹೊಸಬರಿಗೆ ಪರಿಚಯ ಕಾರ್ಯಕ್ರಮ. ನೀನು ಬಂದು ನಿನ್ನ ಅನುಭವ ಹೇಳಬೇಕು. ವಿನಿಮಯದಿಂದ ಓದಿಗೆ ಹೇಗೆ ಅನುಕೂಲ ಆಯ್ತು ಅಂತ. ಕುಲಪತಿಗಳೂ ಇರ್ತಾರೆ.”

“ಬುಧವಾರ ಬೆಳಗ್ಗೆ ಕ್ಲಾಸಿದೆ ಸಾರ್. ಮತ್ತೆ ಓದು ಅಂದಿದ್ದಾರಲ್ಲ, ಆ ಪೇಪರ್.”

“ಒಂದು ದಿನ ತಪ್ಪಿಸಿದ್ರೆ ಏನಾಗುತ್ತೆ?”

“ಹಾಜರಾತಿ ಹೋಗುತ್ತೆ ಸಾರ್. ನೀವೊಂದು ಪತ್ರ ಕೊಡ್ತೀರಾ?”

“ಪತ್ರ ಕೊಡೋ ಅಧಿಕಾರ ನಮಗಿಲ್ಲಮ್ಮಾ. ಒಂದು ರಜೆ ಅರ್ಜಿ ಬರೆದುಕೊಟ್ಟು ಬಾ. ಕಾರಣ ಅನ್ನೋ ಕಡೆ ‘ವೈಯಕ್ತಿಕ’ ಅಂತ ಹಾಕು.”