ಫ್ರಿಜ್‌ಗಿಂತ ಮೊದಲು ಪೆನ್ಸಿಲ್

ಕೋಳಿ ಸಾಕೋದು ಹೇಗೆ ಅಂತ ಹೇಳಿಕೊಡೋರು ಬೇಕಾದಷ್ಟು ಜನ. ಇಟ್ಟ ಮೊಟ್ಟೇನ ಏನು ಮಾಡಬೇಕು ಅಂತ ಹೇಳೋರೇ ಕಮ್ಮಿ. ಹಿತ್ತಲಲ್ಲಿ ನಾಲ್ಕು ಹ್ಯಾಟೆ ಬಿಟ್ಟುಕೊಂಡಿರೋ ನನ್ನ ಗೆಳತಿಯರೆಲ್ಲ ಅಮೆರಿಕದ ವಿಡಿಯೋ ನೋಡ್ಕೊಂಡು ಮೊಟ್ಟೆ ತೊಳೆದು ಫ್ರಿಜ್‌ಗೆ ತುಂಬ್ತಿದ್ದಾರೆ. ನನ್ನ ತಕರಾರು ಇಲ್ಲಿಂದಲೇ ಶುರು.

ಆಗಷ್ಟೇ ಇಟ್ಟ ಮೊಟ್ಟೆ ಒದ್ದೆಯಾಗಿ ಹೊಳೀತಿರುತ್ತೆ, ನೋಡನೋಡ್ತಿದ್ದಂಗೆ ಒಣಗುತ್ತೆ. ಹಾಗೆ ಒಣಗಿದ ತೆಳ್ಳನೆ ಪೊರೆಯೇ ಚಿಪ್ಪಿನ ಸಾವಿರಾರು ರಂಧ್ರಗಳಿಗೆ ಮುಚ್ಚಳ. ತೊಳೆದರೆ ಅದೂ ಹೋಯ್ತು. ತಣ್ಣೀರಲ್ಲಿ ತೊಳೆದರಂತೂ ಒಳಗಿನದು ಕುಗ್ಗಿ, ಹೊರಗಿನ ಕೊಳೇನ ಒಳಕ್ಕೆ ಎಳ್ಕೊಳ್ಳುತ್ತೆ. ಅಮೆರಿಕದವರು ಮಾರೋ ಮೊಟ್ಟೇನ ತೊಳೀತಾರೆ, ಅದಕ್ಕೇ ಅಲ್ಲಿ ಫ್ರಿಜ್ ಬೇಕೇ ಬೇಕು. ಯುರೋಪಿನಲ್ಲಿ ಅಂಗಡಿಗೆ ಹೋಗೋ ಎ ದರ್ಜೆ ಮೊಟ್ಟೇನ ಸಾಮಾನ್ಯವಾಗಿ ತೊಳೆಯೋ ಹಾಗೇ ಇಲ್ಲ. ಹಿಕ್ಕೆ ಮೆತ್ತಿದ್ದರೆ ಒಣ ಬಟ್ಟೇಲಿ ಒರೆಸಿ. ಅದಕ್ಕಿಂತ ಒಳ್ಳೇದು, ಕುಕ್ಕೆಯ ಹುಲ್ಲು ಬದಲಾಯಿಸೋದು.

ಹಾಗಂತ ಫ್ರಿಜ್ ಬೇಡ ಅಂತಲ್ಲ. ಮಾರ್ಚ್ ಬಂದ್ರೆ ನಮ್ಮ ಮಂಡ್ಯ ಕಡೆ ಬಿಸಿಲು 35 ಡಿಗ್ರಿ ದಾಟುತ್ತೆ. ಹುಂಜ ಇರೋ ಮನೇಲಿ ಆ ಸೆಕೆಗೇ ಮೊಟ್ಟೆಯೊಳಗೆ ಭ್ರೂಣ ಬೆಳೆಯೋಕೆ ಶುರುವಾಗುತ್ತೆ, ಒಡೆದರೆ ಕೆಂಪು ಎಳೆ ಕಾಣುತ್ತೆ. ಬೇಸಿಗೇಲಿ ದಿನಕ್ಕೆ ಎರಡು ಸಲ ಮೊಟ್ಟೆ ಎತ್ತಿ, ತೊಳೆಯದೆ, ಚೂಪು ತುದಿ ಕೆಳಗಾಗಿ ಫ್ರಿಜ್ ಒಳಗಿಡಿ. ಗಾಳಿಗುಳ್ಳೆ ಇರೋದು ಅಗಲದ ತುದೀಲಿ, ಅದು ಮೇಲಿದ್ರೆ ಹಳದಿ ಭಂಡಾರ ನಡುವಲ್ಲೇ ನಿಲ್ಲುತ್ತೆ. ಒಮ್ಮೆ ಒಳಗಿಟ್ಟದ್ದನ್ನ ಮತ್ತೆ ಹೊರಗಿಡಬೇಡಿ, ಚಿಪ್ಪು ಬೆವರುತ್ತೆ.

ಆದರೆ ಬಹಳ ಮನೇಲಿ ಮೊಟ್ಟೆ ಕೆಡೋದು ಜಾಗದಿಂದಲ್ಲ, ಲೆಕ್ಕ ಇಲ್ಲದ್ದರಿಂದ. ಹೊಸದು ಮೇಲೆ ಬೀಳುತ್ತೆ, ಹಳೇದು ತಳದಲ್ಲೇ ಉಳಿಯುತ್ತೆ. ನಾನು ಎತ್ತಿದ ಕೂಡಲೇ ಪೆನ್ಸಿಲ್‌ನಲ್ಲಿ ತಾರೀಕು ಬರೀತೀನಿ. ನಮ್ಮತ್ತೆ ನೋಡಿ, "ಏನವ್ವಾ, ಮೊಟ್ಟೆಗೂ ಜಾತಕ ಬರೀತಿದ್ದೀಯಾ?" ಅಂತ ನಕ್ಕರು. ಕಾವಿಗೆ ಇಡೋವಾಗ ಅವರೂ ಇದ್ದಿಲಲ್ಲಿ ಗೀಟು ಎಳೆಯೋರೇ! ಬೇರೆ ಹ್ಯಾಟೆ ಬಂದು ಅದೇ ಮಕ್ಕರೀಲಿ ಇಟ್ಟು ಹೋದರೆ ಗೊತ್ತಾಗಬೇಕಲ್ಲ, 21 ದಿನದ ಲೆಕ್ಕ ತಪ್ಪಬಾರದಲ್ಲ. ತಿನ್ನೋ ಮೊಟ್ಟೆಗೆ ಮಾತ್ರ ಯಾಕೆ ಈ ತಾತ್ಸಾರ?

ಗೋಡೆ ಕ್ಯಾಲೆಂಡರ್‌ನಲ್ಲಿ ದಿನದ ಎಣಿಕೇನೂ ಗುರುತು ಹಾಕಿ. ನಾಟಿ ಕೋಳಿ ಹತ್ತು ಹದಿನೈದು ಇಟ್ಟು ಕಾವಿಗೆ ಕೂತುಬಿಡುತ್ತೆ. ವರ್ಷಕ್ಕೆ ಐವತ್ತು ಅರವತ್ತು ಸಿಕ್ಕರೆ ಹೆಚ್ಚು, ಗಿರಿರಾಜ ತಳಿ ಅದರ ದುಪ್ಪಟ್ಟಿಗಿಂತ ಹೆಚ್ಚೇ ಕೊಡುತ್ತೆ. ಹ್ಯಾಟೆ ಕೊಕ್ಕೊಕ್ಕೋ ಅಂತ ಊರಿಗೆಲ್ಲ ಸಾರ್ತಿದ್ರೂ ಎಣಿಕೆ ಇಳೀತಿದೆ ಅಂದ್ರೆ ಒಂದೋ ಬೇಲೀಲಿ ಕದ್ದು ಇಡ್ತಿದೆ, ಇಲ್ಲ ಮುಂಗುಸಿ ಬರ್ತಿದೆ.

ಹುಲ್ಲಿನ ಮೆದೆ ಸಂದೀಲಿ ಸಿಕ್ಕ ಗುಡ್ಡೆಗೆ ತಾರೀಕು ಎಲ್ಲಿಂದ ತರೋದು? ನೀರಿಗೆ ಹಾಕಿ. ಅಡ್ಡ ಮಲಗಿದ್ರೆ ಹೊಸದು, ನೆಟ್ಟಗೆ ನಿಂತರೆ ಹಳೇದು, ತೇಲಿದ್ರೆ ತಿಪ್ಪೆಗೆ. ಈ ಪರೀಕ್ಷೆ ವಯಸ್ಸು ಹೇಳುತ್ತೆ ಅಷ್ಟೇ, ರೋಗಾಣು ಇದೆಯೋ ಇಲ್ವೋ ಹೇಳಲ್ಲ. ಉಳಿದದ್ದನ್ನ ಒಂದೊಂದಾಗಿ ಬೇರೆ ಬಟ್ಟಲಿಗೆ ಒಡೆದು, ಮೂಸಿ ನೋಡಿ, ಚೆನ್ನಾಗಿ ಬೇಯಿಸಿ.

ರಸ್ತೆ ಬದೀಲಿ ನಾಟಿ ಮೊಟ್ಟೆ ಅಂತ ದುಬಾರಿ ದುಡ್ಡು ಕೇಳೋರನ್ನ ಇನ್ಮೇಲೆ ಒಂದು ಮಾತು ಕೇಳಿ: "ಯಾವತ್ತು ಇಟ್ಟಿದ್ದಣ್ಣ ಇದು?"