ಕೃಷ್ಣ ಭ

ಕಾಸರಗೋಡಿನ ಪೆರ್ಲದ ಆಸುಪಾಸಿನಲ್ಲಿ ಅಡಿಕೆ ವ್ಯಾಪಾರ ಮಾಡುವವನಿಗೆ ಗೋದಾಮಿಗಿಂತ ದೊಡ್ಡ ಆಸ್ತಿಯೆಂದರೆ ಫೋನಿನಲ್ಲಿರುವ ಹೆಸರುಗಳು. ಯಾರ ಅಟ್ಟದಲ್ಲಿ ಡಬ್ಬಲ್ ಚೋಳ್ ಎಂಬ ಹಳೆಯ ಅಡಿಕೆ ಕುಳಿತಿದೆ, ಯಾರು ದರ ಏರುವವರೆಗೆ ಬಾಯಿ ಬಿಡುವುದಿಲ್ಲ, ಯಾರ ಮನೆಯ ಗುಡ್ಡಕ್ಕೆ ಪಿಕಪ್ ಹತ್ತದೆ ಜೀಪೇ ಆಗಬೇಕು ಎಂಬುದೆಲ್ಲ ಆ ಹೆಸರುಗಳ ಬೆನ್ನಿಗೆ ಅಂಟಿಕೊಂಡಿರುತ್ತದೆ. ಇಂತಹ ಆರುನೂರಕ್ಕೂ ಮಿಕ್ಕಿದ ಹೆಸರುಗಳನ್ನು ಹೊತ್ತ ನನ್ನ ಗುಂಡಿಯ ಫೋನು ಕಳೆದ ಮಳೆಗಾಲದಲ್ಲಿ ಐದರ ಅಂಕಿಯನ್ನು ಒತ್ತಿಸಿಕೊಳ್ಳಲು ಒಪ್ಪದೇ ಹೋದಾಗ, ಹೊಸತು ಕೊಳ್ಳದೆ ವಿಧಿಯಿರಲಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಬದಿಯಡ್ಕದ ಕಡೆಯವರಿಗೊಂದು, ಗಡಿ ದಾಟಿ ವಿಟ್ಲ, ಪುತ್ತೂರಿನವರಿಗೊಂದು ಎಂದು ಎರಡು ಸಿಮ್ ಹಿಡಿಯಬೇಕು. ಅಂಗಳದ ಬಿಸಿಲಿನಲ್ಲಿ ಪರದೆ ಕಾಣಬೇಕು. ಮೂರು ದಿನ ಕರೆಂಟಿಲ್ಲದಿದ್ದರೂ ಉಸಿರಾಡುತ್ತಿರಬೇಕು. ಕಾಸರಗೋಡಿನ ಅಂಗಡಿಯ ಹುಡುಗ ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ, 50 ಮೆಗಾಪಿಕ್ಸೆಲ್ ಕ್ಯಾಮರಾದ ಮಹಿಮೆಯನ್ನು ಮಲಯಾಳದಲ್ಲಿ ಕಾಲು ಗಂಟೆ ವರ್ಣಿಸಿದ. ಮಂಗಳೂರಿಗೆ ಕಳುಹಿಸುವ ಸ್ಯಾಂಪಲ್ಲಿನೊಳಗಿನ ಕಳಪೆ ದರ್ಜೆಯ ಪಟೋರವನ್ನೂ ಎತ್ತಿ ತೋರಿಸುವಷ್ಟು ಒಳ್ಳೆಯ ಕ್ಯಾಮರಾ ನನ್ನಂಥವನಿಗೆ ಶತ್ರುವೇ ಎಂದು ಅವನಿಗೆ ಹೇಗೆ ಹೇಳುವುದು? ಫೋನನ್ನು ರಸ್ತೆಯ ಬಿಸಿಲಿಗೆ ಒಯ್ದು ನೋಡುತ್ತೇನೆಂದಾಗ ಅವನೂ ನನ್ನ ಹಿಂದೆಯೇ ಓಡಿ ಬಂದ.

ಅಂತೂ ಒಂದನ್ನು ಕೊಂಡು ಮನೆಗೆ ತಂದೆ. ಹೆಸರುಗಳನ್ನು ದಾಟಿಸುವ ಹೊಣೆಯನ್ನು ಸೋದರಳಿಯ ವಹಿಸಿಕೊಂಡ. "ಎಲ್ಲ ಸಿಮ್ಮಿಗೆ ಹಾಕಿ, ಆ ಸಿಮ್ಮನ್ನು ಇದಕ್ಕೆ ಹಾಕಿದರಾಯಿತು ಮಾವ, ಎರಡು ನಿಮಿಷದ ಕೆಲಸ" ಎಂದ. ನಕಲು ಮಾಡುವ ಬದಲು ಸರಿಸುವ ಆಜ್ಞೆಯನ್ನು ಒತ್ತಿದ್ದು ಅವನ ಮೊದಲ ಸಾಧನೆ.

ಆ ಸಿಮ್ಮಿನಲ್ಲಿ ಹಿಡಿಯುವುದು 250 ಹೆಸರುಗಳು ಮಾತ್ರ. ಅಕಾರಾದಿಯಾಗಿ ಅಬ್ದುಲ್ಲರೆಲ್ಲ ಮೊದಲು ಹತ್ತಿ ಸೀಟು ಹಿಡಿದರು. ನಾರಾಯಣರ ಹೊತ್ತಿಗೆ ಸಂಜೆಯ ಕೊನೆಯ ಬಸ್ಸಿನಂತೆ ಬಾಗಿಲು ಮುಚ್ಚಿತು. ಪಕಾರದಿಂದ ಮುಂದಿನವರು ಹಳೆಯ ಫೋನಿನಲ್ಲೇ ಉಳಿದರು. ಹತ್ತದೆ ಉಳಿದವರೇ ಪುಣ್ಯವಂತರು ಎಂದು ಮರುದಿನ ತಿಳಿಯಿತು. ಸಿಮ್ಮಿನಲ್ಲಿ ಒಂದು ಹೆಸರಿಗಿದ್ದ ಜಾಗ ಏಳೇ ಚಿಹ್ನೆಗಳದು, ಮತ್ತು ಅದು ಕನ್ನಡವನ್ನು ಎಣಿಸುವ ಕ್ರಮವೇ ಬೇರೆ. ನಾವು ಎರಡಕ್ಷರವೆಂದುಕೊಂಡ 'ಕೃಷ್ಣ'ನಲ್ಲಿ ಅದಕ್ಕೆ ಕಕಾರ, ವಟ್ರಸುಳಿ, ಷಕಾರ, ಹಲಂತದ ಗುರುತು, ಣಕಾರ ಎಂದು ಐದು ಕಾಣುತ್ತವೆ. ನಡುವಿನ ತೆರವಿಗೆ ಇನ್ನೊಂದು, ಉಳಿದದ್ದು ಒಂದೇ ಒಂದು. ಹೀಗಾಗಿ ಊರು, ಮನೆ, ಮಾಲು ಸಹಿತ ಬರೆದಿಟ್ಟಿದ್ದ ನನ್ನ ಭಟ್ಟರು, ಭಂಡಾರಿಗಳು, ಭಕ್ತರೆಲ್ಲ ಸೇರಿ ಒಂಬತ್ತು ಮಂದಿ 'ಕೃಷ್ಣ ಭ' ಆಗಿ ಸಾಲಾಗಿ ನಿಂತಿದ್ದರು.

ಮಂಗಳೂರಿನಿಂದ ತುರ್ತು ಬೇಡಿಕೆ ಬಂದಿತ್ತು. ನಾಲ್ಕನೆಯ 'ಕೃಷ್ಣ ಭ'ನನ್ನು ಧೈರ್ಯ ಮಾಡಿ ಒತ್ತಿ, ಆಚೆಯಿಂದ ಹ್ಞೂಂ ಎಂದದ್ದೇ ತಡ, "ಅಣ್ಣ, ಡಬ್ಬಲ್ ಎಷ್ಟುಂಟು? ನಾಳೆ ಪಿಕಪ್ ಕಳಿಸಲಾ?" ಎಂದೆ. ಸ್ವಲ್ಪ ಹೊತ್ತು ಮೌನ. ಬಳಿಕ ಪುರೋಹಿತರ ಗಂಭೀರ ಸ್ವರ ಕೇಳಿಸಿತು: "ನಾಳೆ ಡಬ್ಬಲ್ಲೇ. ಒಂದು ತಿಥಿ, ಒಂದು ಗಣಹೋಮ. ಪಿಕಪ್ ಬೇಡ, ನಾನು ಬೈಕಿನಲ್ಲಿ ಹೋಗುತ್ತೇನೆ."

ಹಳೆಯ ಫೋನಿನಲ್ಲಿ ಉಳಿದಿದ್ದವರನ್ನೆಲ್ಲ ಒಂದು ಫೈಲಾಗಿಸಿ ಬ್ಲೂಟೂತಿನಲ್ಲಿ ಇಡಿಯಾಗಿ ದಾಟಿಸಬಹುದೆಂದು ಅಳಿಯನಿಗೆ ಅನಂತರ ಹೊಳೆಯಿತು. ಪದ್ಮನಾಭರೂ ಮೊಯ್ದುಗಳೂ ಬಾಲ ಸಮೇತ ಬಂದರು. ಗೂಗಲ್ ಖಾತೆಯಲ್ಲಿಯೂ ಒಂದು ಪ್ರತಿ ಕುಳಿತಿತು. 250 ಮಂದಿಯನ್ನು ಮಾತ್ರ ಒಬ್ಬೊಬ್ಬರಾಗಿ ಕರೆದು, ದನಿಯಿಂದ ಗುರುತು ಹಿಡಿದು, ಹಿಡಿಯಲಾಗದಿದ್ದರೆ "ಈ ಸಲ ತೋಟಕ್ಕೆ ಮದ್ದು ಬಿಟ್ಟಾಯಿತಾ?" ಎಂದು ಸುತ್ತು ಬಳಸಿ ಕೇಳಿ, ಉತ್ತರದಿಂದ ತೋಟವನ್ನೂ ತೋಟದಿಂದ ಯಜಮಾನರನ್ನೂ ಊಹಿಸಬೇಕಾಯಿತು. ಈಗ ಊರನ್ನೂ ಮಾಲನ್ನೂ ಮೊದಲು ಬರೆದು, ಹೆಸರನ್ನು ಕೊನೆಗೆ ಹಾಕುತ್ತೇನೆ.

ಮೊನ್ನೆ ನಮ್ಮಲ್ಲಿ ಪೂಜೆಯಿತ್ತು. ಪುರೋಹಿತರು ಕೈಕಾಲು ತೊಳೆಯಲು ಹೋಗುವಾಗ ಫೋನನ್ನು ಜಗಲಿಯಲ್ಲಿಟ್ಟಿದ್ದರು. ಅವರು ಅಂಗಳದಲ್ಲೇ ಇರುವುದು ತಿಳಿಯದೆ ನಾನು ಹಿತ್ತಿಲಿನಿಂದ ಕರೆ ಮಾಡುತ್ತಾ ಜಗಲಿಗೆ ಬಂದೆ. ಗುನುಗುತ್ತಿದ್ದ ಅವರ ಪರದೆಯ ಮೇಲೆ ನನ್ನ ಹೆಸರಿರಲಿಲ್ಲ. 'ಡಬ್ಬಲ್ ಪಿಕಪ್' ಎಂದಿತ್ತು.